ಹಾಲವಾಣದ ದಿಮ್ಮಿಯ ಹದಿನೇಳನೇ ನಂಬರು

ನನ್ನ ಮೂರನೇ ಡೈರಿಯಲ್ಲಿ ಜುಲೈ ಇಪ್ಪತ್ತೇಳರ ಪುಟದ ಬಲಮೂಲೆಗೆ ಒಂದು ನೀಲಿ ಕಲೆ ಅಂಟಿಕೊಂಡಿದೆ. ಹೆಬ್ಬೆರಳಿನಷ್ಟು ಅಗಲ. ಶಾಯಿಯದ್ದಲ್ಲ. ಅಡಿಕೆಗೆ ಕೊಳೆರೋಗ ಬಾರದಿರಲೆಂದು ಮಳೆಗಾಲದಲ್ಲಿ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುತ್ತಾರಲ್ಲ, ಆ ಔಷಧಿಯದ್ದು. ಒಣಗಿದ ಮೇಲೆ ಪುಡಿಯಾಗಿ ಉದುರೀತು ಎಂದುಕೊಂಡಿದ್ದೆ. ಉದುರಲಿಲ್ಲ. ಅಂಟಿಗೆಂದು ರಾಳ ಬೆರೆಸಿದ್ದು. ಇಲ್ಲಿನ ಮಳೆಗೇ ಜಗ್ಗದ್ದು ನನ್ನ ಕರವಸ್ತ್ರಕ್ಕೆ ಜಗ್ಗುತ್ತದೆಯೇ? ಆ ಪುಟದಲ್ಲಿ ಬರೆದದ್ದು ಎರಡೇ ಸಾಲು. ‘ಹದಿನೇಳನೇ ನಂಬರು: ಸೊನ್ನೆ. ಸಿಟ್ಟು: ಹತ್ತಕ್ಕೆ ಹನ್ನೆರಡು.’ ಮೊನ್ನೆ ಬೇರೆ ಯಾವುದೋ ತಾರೀಕು ಹುಡುಕುವಾಗ ಆ ಪುಟ ತೆರೆದುಕೊಂಡಿತು. ಕಲೆ ಕಂಡದ್ದೇ ತಡ, ಹನ್ನೆರಡರಲ್ಲಿ ಒಂಬತ್ತಾದರೂ ವಾಪಸು ಬಂತು.

ಸಿಟ್ಟಿಗೂ ಒಂದು ಕಾಲಂ ಇಟ್ಟಿದ್ದಾಳಲ್ಲ ಎಂದು ನೀವು ನಗಬಹುದು. ನಗಿ. ತಾರೀಕು, ಮಳೆ, ಎಣಿಕೆ, ಸಿಟ್ಟು, ಷರಾ ಎಂದು ಐದು ಕಾಲಂ. ಎಣಿಸುವುದು ನನಗೆ ಮೂರನೇ ಕ್ಲಾಸಿನಿಂದ ಬಂದ ಚಾಳಿ. ನಾನು ಹುಟ್ಟಿ ಬೆಳೆದದ್ದು ಕೆರೆಕಟ್ಟೆಯಲ್ಲಿ, ಶಾಲೆಗೆ ಕಾಡಿನ ಕಾಲುದಾರಿ. ಸಂಜೆ ಅಂಗಳಕ್ಕೆ ಕಾಲಿಡುವ ಮೊದಲೇ ಅಮ್ಮ ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಗಳನ್ನು ಕಿತ್ತು ಸುಣ್ಣದ ಡಬ್ಬಿಗೆ ಹಾಕುತ್ತಿದ್ದಳು. ನಾನು ಕಾಪಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದೆ: ತಾರೀಕು, ಬಲಗಾಲು, ಎಡಗಾಲು, ಒಟ್ಟು. ಆ ಮಳೆಗಾಲ ಮುಗಿಯುವಾಗ ಬಲಗಾಲಿಗೆ ಎಂಬತ್ತೆಂಟು, ಎಡಗಾಲಿಗೆ ನೂರ ಅರವತ್ತೊಂದು. ಎಡಗಾಲಿನ ರಕ್ತ ಹೆಚ್ಚು ಸಿಹಿ ಎಂದು ನಾನು ಸಿದ್ಧಾಂತ ಮಾಡಿ ಇಡೀ ಕ್ಲಾಸಿಗೆ ಸಾರಿದೆ. ಅಮ್ಮ ಕೇಳಿ, “ದಾರಿಯ ಎಡಗಡೆ ಹುಲ್ಲು ಮಾರಾಯ್ತಿ. ನೀನು ಬೇಕಂತ ಹುಲ್ಲಲ್ಲೇ ನಡೀತೀಯ. ರಕ್ತವಂತೆ, ಸಿಹಿಯಂತೆ!” ಎಂದಳು. ಎಣಿಕೆ ಸರಿ, ಅರ್ಥ ತಪ್ಪು. ಆವತ್ತೇ ಬುದ್ಧಿ ಕಲಿತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಕಲಿಯಲಿಲ್ಲ.

ಅಣಬೆಯ ಹುಚ್ಚು ಹಿಡಿದದ್ದು ನರಸಿಂಹರಾಜಪುರದಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುವಾಗ. ಅದೂ ಒಂದು ಸಿಟ್ಟಿನಿಂದಲೇ. ಹಾಸ್ಟೆಲಿನ ಹಿಂದೆ ಕೊಳೆತ ಬೇಲಿಗೂಟವೊಂದರ ಮೇಲೆ ಪುಟ್ಟ ಬಟ್ಟಲುಗಳ ಸಾಲು ಎದ್ದಿತ್ತು. ಒಂದೊಂದೂ ಮೆಣಸಿನಕಾಳಿನಷ್ಟು. ಬಟ್ಟಲೊಳಗೆ ಎಳ್ಳಿನಂಥ ನಾಲ್ಕೈದು ಮೊಟ್ಟೆ. ಹಕ್ಕಿಗೂಡನ್ನು ಇರುವೆಗಾಗಿ ಕಟ್ಟಿದಂತಿತ್ತು. ಇದರ ಹೆಸರೇನು ಎಂದು ಒಬ್ಬೊಬ್ಬರನ್ನೇ ಕೇಳಿದೆ. ಅಡುಗೆಯವರು, ವಾಚ್‌ಮನ್, ಇಬ್ಬರು ಲೆಕ್ಚರರ್, ಏಳು ಜನ ಗೆಳತಿಯರು. ಹನ್ನೊಂದು ಜನರಲ್ಲಿ ಹನ್ನೊಂದೂ ಜನ “ನಾಯಿಕೊಡೆ” ಎಂದರು. ನಮ್ಮ ಕಡೆ ಅಣಬೆಯಲ್ಲಿ ಇರುವುದು ಎರಡೇ ಜಾತಿ: ತಿನ್ನುವುದು ಮತ್ತು ನಾಯಿಕೊಡೆ. ಹುತ್ತದ ಮೇಲೆ ಏಳುವ ಹೆಗ್ಗಾಲಣಬೆಗೆ ಎಷ್ಟು ಮರ್ಯಾದೆ! ಅದು ಏಳುವ ಜಾಗವನ್ನು ಸ್ವಂತ ತಂಗಿಗೂ ಹೇಳದ ದೊಡ್ಡಮ್ಮಂದಿರು ನಮ್ಮಲ್ಲಿದ್ದಾರೆ. ಆದರೆ ಸತ್ತ ಮರವನ್ನು ಕೂತಲ್ಲೇ ಕೂತು ಮಣ್ಣು ಮಾಡುವ ನೂರಾರು ಸಣ್ಣ ಜೀವಗಳಿಗೆ ನಾಯಿಯ ಹೆಸರು ಸಾಕು. ಕೊಡೆಯ ಆಕಾರವೇ ಇಲ್ಲದ್ದಕ್ಕೂ ಕೊಡೆ! ಸಾಂಬಾರಿಗೆ ಬೀಳದ್ದಕ್ಕೆ ಹೆಸರಿಡುವಷ್ಟೂ ಪುರುಸೊತ್ತಿಲ್ಲದ ಜನ ನಾವು. ಆ ದಿನ ಡೈರಿಯಲ್ಲಿ ಸಿಟ್ಟಿನ ಕಾಲಂ ಶುರುವಾಯಿತು.

ಈಗ ನಾನು ಕೊಪ್ಪದ ಕಾಲೇಜೊಂದರಲ್ಲಿ ಲ್ಯಾಬ್ ಸಹಾಯಕಿ. ಇರುವುದು ಹರಿಹರಪುರದ ಹತ್ತಿರ, ಅಮ್ಮನ ತಮ್ಮ ಶಿವಪ್ಪ ಮಾವನ ಮನೆಯಲ್ಲಿ. ಮಾವ ಮೂರು ತೋಟಗಳಿಗೆ ಔಷಧಿ ಹೊಡೆಯುವವರು. ಮೊದಲು ಮರ ಹತ್ತಿ ಹೊಡೆಯುತ್ತಿದ್ದರು, ಈಗ ನೆಲದಲ್ಲೇ ನಿಂತು ಉದ್ದದ ಫೈಬರ್ ದೋಟಿಯಲ್ಲಿ. ಅವರು ಪಂಪು, ಡ್ರಮ್ಮು ಇಡುವ ಶೆಡ್ಡು ಬಸ್ಸಿಗೆ ಹೋಗುವ ದಾರಿಯಲ್ಲಿದೆ. ಅದರ ಎದುರು, ಕಾಲುವೆಯ ಈಚೆ ದಡದಲ್ಲಿ, ಮೂರು ವರ್ಷದ ಹಿಂದಿನ ಮೇ ತಿಂಗಳ ಗಾಳಿಗೆ ಬಿದ್ದ ಹಾಲವಾಣದ ದಿಮ್ಮಿ. ಹಾಲವಾಣ ಎಂದರೆ ಮೆತ್ತನೆಯ ಮರ. ಪೀಠೋಪಕರಣಕ್ಕಿಲ್ಲ, ಹಲಗೆಗಿಲ್ಲ, ಒಲೆಗಿಟ್ಟರೆ ಬರೀ ಹೊಗೆ. ಅತ್ತೆ ಒಂದು ಸಲ ಅದನ್ನು ಕಾಲಲ್ಲಿ ಒದ್ದು, “ಇದನ್ನ ಕದಿಯೋ ಕಳ್ಳನೂ ಹುಟ್ಟಿಲ್ಲ ಮಾರಾಯ್ತಿ” ಎಂದಿದ್ದರು. ಆ ಮಾತಿನ ಮೇಲೆಯೇ ನನ್ನ ಮೂರು ವರ್ಷದ ಕೆಲಸ ನಿಂತಿತ್ತು. ಯಾರಿಗೂ ಬೇಡದ ಮರ ಸುರಕ್ಷಿತ ಎಂದು ನಂಬಿದೆ.

ದಿನಾ ಬೆಳಿಗ್ಗೆ ಬಸ್ಸಿಗೆ ಮೊದಲು ಹನ್ನೆರಡು ನಿಮಿಷ, ಸಂಜೆ ಬಂದ ಮೇಲೆ ಇಪ್ಪತ್ತು ನಿಮಿಷ. ಹೊಟ್ಟೆಯಡಿ ಗೊಬ್ಬರದ ಚೀಲ ಹಾಸಿಕೊಂಡು ಮಲಗಿ, ಭೂತಗನ್ನಡಿ ಹಿಡಿದು ನೋಡುವುದು. ಹೊಸದು ಕಂಡರೆ ನಂಬರು. ಒಂದನೇ ನಂಬರು, ಸುಟ್ಟ ಬೆರಳಿನಂತೆ ಕಪ್ಪಗೆ ನಿಲ್ಲುವುದು. ನಾಲ್ಕು, ಮಗುವಿನ ಕಿವಿಯಂತೆ ತಣ್ಣಗೆ, ಮೆತ್ತಗೆ. ಒಂಬತ್ತು, ಕೂದಲಿನಷ್ಟು ಸಣ್ಣ ಕಾಲಿನ ಮೇಲೆ ಸಾಸಿವೆಯಷ್ಟು ಟೊಪ್ಪಿ; ಉಸಿರು ಬಿಟ್ಟರೆ ತಲೆಯಾಡಿಸುತ್ತದೆ. ಹೀಗೆ ಇಪ್ಪತ್ಮೂರು ನಂಬರಾದವು. ಕೆಲವಕ್ಕೆ ಪುಸ್ತಕ ನೋಡಿ ಹೆಸರು ಹೊಂದಿಸಿದೆ. ಹದಿನೇಳನೆಯದು ಮಾತ್ರ ನನ್ನ ಪ್ರಾಣ ತಿಂದಿತು.

ಅದು ನೋಡಲು ಏನೂ ಅಲ್ಲ. ಕಿರುಬೆರಳಿನ ಉಗುರಿನಷ್ಟು ಬಿಳಿ ಬೀಸಣಿಗೆ. ಕಾಲಿಲ್ಲ; ಒಂದು ಬದಿಯಿಂದ ನೇರ ಮರಕ್ಕೆ ಅಂಟಿಕೊಳ್ಳುತ್ತದೆ. ಕೆಳಗೆ ಮೀನಿನ ಕಿವಿರಿನಂತೆ ಪದರುಗಳು. ಫೋನಿನ ಆ್ಯಪಿಗೆ ಒಂದೇ ಅಣಬೆಯ ಮೂರು ಫೋಟೊ ಹಾಕಿದೆ. ಅದು ಮೂರು ಹೆಸರು ಕೊಟ್ಟಿತು, ಮೂರಕ್ಕೂ ನೂರಕ್ಕೆ ತೊಂಬತ್ತು ಖಾತ್ರಿ! ಮನುಷ್ಯರಾದರೆ ಸುಳ್ಳು ಹೇಳುವಾಗ ಸ್ವಲ್ಪವಾದರೂ ತಡವರಿಸುತ್ತಾರೆ. ನಾನೇ ಒಂದು ತೀರ್ಮಾನಕ್ಕೆ ಬಂದೆ: ಇದು ಅಂಗಡಿಯಲ್ಲಿ ಸಿಗುವ ಚಿಪ್ಪಣಬೆಯ ಮರಿ. ಅದನ್ನೇ ಬರೆದು, ಶಿವಮೊಗ್ಗದಲ್ಲಿರುವ ಒಬ್ಬ ನಿವೃತ್ತ ಮೇಷ್ಟ್ರಿಗೆ ಕಳಿಸಿದೆ. ಜೀವಮಾನವಿಡೀ ಶಿಲೀಂಧ್ರವನ್ನೇ ಪಾಠ ಮಾಡಿದವರು. ಅವರ ಉತ್ತರ ಚಿಕ್ಕದಿತ್ತು: “ನೋಡಮ್ಮ, ಈ ಆಕಾರದ್ದು ಸತ್ತ ಮರದ ಮೇಲೆ ಬೇರೆ ಬೇರೆ ಕುಲದವು ಬರುತ್ತವೆ. ಮೇಲಿನಿಂದ ಎಲ್ಲ ಒಂದೇ. ಬೀಜದ ಪುಡಿಯ ಬಣ್ಣ ನೋಡದೆ ನಾನೂ ಹೆಸರು ಹೇಳುವುದಿಲ್ಲ, ನೀನೂ ಹೇಳಬೇಡ.”

ಪುಡಿ ತೆಗೆಯುವುದು ಕಷ್ಟದ್ದೇನಲ್ಲ. ಬಲಿತ ಟೊಪ್ಪಿಯನ್ನು ಕಾಗದದ ಮೇಲೆ ಪದರು ಕೆಳಗಾಗುವಂತೆ ಇಟ್ಟು, ಮೇಲೊಂದು ಸ್ಟೀಲ್ ಲೋಟ ಕವುಚಬೇಕು. ಬೆಳಿಗ್ಗೆ ಇಟ್ಟರೆ ಸಂಜೆಗೆ ಪದರಿನಿಂದ ಧೂಳು ಉದುರಿ ಕಾಗದದ ಮೇಲೆ ಅಚ್ಚು ಮೂಡುತ್ತದೆ. ಎರಡನೇ ಮಳೆಗಾಲದಲ್ಲಿ ಇಟ್ಟೆ. ನನ್ನ ಬುದ್ಧಿಗೆ ಏನು ಹೇಳಲಿ, ಹಳೇ ನ್ಯೂಸ್‌ಪೇಪರಿನ ಮೇಲೆ ಇಟ್ಟೆ! ಆ ಅಕ್ಷರಗಳ ನಡುವೆ ಯಾವ ಧೂಳು ಕಂಡೀತು? ಅರ್ಧ ಕಪ್ಪು, ಅರ್ಧ ಬಿಳಿ ಇರುವ ಕಾಗದ ಬೇಕು, ಪುಡಿ ಬಿಳಿಯಾದರೆ ಕಪ್ಪಿನ ಮೇಲೆ ಕಾಣುತ್ತದೆ, ಬಣ್ಣದ್ದಾದರೆ ಬಿಳಿಯ ಮೇಲೆ ಎಂದು ಮೇಷ್ಟ್ರು ತಿದ್ದುವ ಹೊತ್ತಿಗೆ ದಿಮ್ಮಿಯ ಮೇಲೆ ಹದಿನೇಳನೇ ನಂಬರು ಒಂದೂ ಇರಲಿಲ್ಲ.

ಅದು ಹೀಗೆಯೇ ಮಾಯವಾಗುತ್ತಿತ್ತು. ಇವತ್ತು ಇಪ್ಪತ್ತು, ನಾಳೆ ಹದಿನೆಂಟು, ನಾಡಿದ್ದು ಇದ್ದಕ್ಕಿದ್ದಂತೆ ಸೊನ್ನೆ. ಆಮೇಲೆ ಹದಿನೇಳು ಹದಿನೆಂಟು ದಿನ ಸುದ್ದಿಯಿಲ್ಲ. ಡೈರಿ ತಿರುವಿ ನೋಡಿದೆ. ಎರಡು ಮಳೆಗಾಲದಲ್ಲಿ ಐದು ಸಲ ಹಾಗಾಗಿತ್ತು, ಐದೂ ಸಲ ಅದರ ಹಿಂದಿನ ಒಂದೆರಡು ದಿನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಎಷ್ಟು ಖುಷಿಯಾಯಿತು ಗೊತ್ತೇ! ಬಿಸಿಲು ತಾಗಿದರೆ ಈ ಅಣಬೆ ಹದಿನೆಂಟು ದಿನ ನಿದ್ದೆಗೆ ಹೋಗುತ್ತದೆ ಎಂದು ಪತ್ತೆ ಹಚ್ಚಿದೆ. ಗ್ರಾಫ್ ಬರೆದು ಲ್ಯಾಬಿನ ನೋಟಿಸ್ ಬೋರ್ಡಿಗೆ ಹಾಕಿದೆ. ಒಂದು ಹೈಸ್ಕೂಲಿನ ಮಕ್ಕಳ ಮುಂದೆ ‘ನಿದ್ದೆ ಮಾಡುವ ಅಣಬೆ’ ಎಂದು ಇಪ್ಪತ್ತೈದು ನಿಮಿಷ ಮಾತಾಡಿ ಚಪ್ಪಾಳೆ ತಗೊಂಡು ಬಂದೆ. ಮೇಷ್ಟ್ರು ಮಾತ್ರ, “ಬೇರೆ ದಿಮ್ಮಿಯಲ್ಲೂ ಹೀಗೇ ಆಗುತ್ತದೋ ನೋಡಿದೆಯಾ?” ಎಂದು ಕೇಳಿದರು. ನೋಡಿರಲಿಲ್ಲ. ನನ್ನ ದಿಮ್ಮಿಗೇ ಕಾಲಂ ಸಾಲುತ್ತಿರಲಿಲ್ಲ. ನಿದ್ದೆಯ ಅವಧಿಯಲ್ಲಿ ದಿಮ್ಮಿಯ ಮೇಲೆ ಬಿಳಿ ಮಿಶ್ರಿತ ತಿಳಿನೀಲಿ ಬಣ್ಣದ ತೆಳು ಪದರವೊಂದು ಅಲ್ಲಲ್ಲಿ ಕಾಣುತ್ತಿತ್ತು. ಅದಕ್ಕೂ ನಂಬರು ಕೊಟ್ಟಿದ್ದೆ. ಇಪ್ಪತ್ತೆರಡು. ‘ಹೊಸ ಬಗೆಯ ಬೂಷ್ಟು? ವಾಸನೆಯಿಲ್ಲ. ಉಗುರಿಗೆ ಪುಡಿಯಾಗುತ್ತದೆ.’

ಇಷ್ಟರಲ್ಲಿ ನೀವು ನನಗಿಂತ ಜಾಣರಾಗಿದ್ದರೆ ವಿಷಯ ಹೊಳೆದಿರಬೇಕು. ನನಗೆ ಹೊಳೆಯಲಿಲ್ಲ.

ಮಾವನ ಬಗ್ಗೆ ಒಂದು ಮಾತು ಹೇಳಬೇಕು. ಇಡೀ ಊರಿನಲ್ಲಿ ನನ್ನ ಅಣಬೆಯ ಬಗ್ಗೆ ಆಸಕ್ತಿ ತೋರಿಸಿದ್ದು ಅವರೊಬ್ಬರೇ. ಸಂಜೆ ಕೈಕಾಲು ತೊಳೆದು ಜಗಲಿಗೆ ಬಂದವರು ಮೊದಲು ಕೇಳುವುದೇ, “ಎಷ್ಟು ಪುಟ್ಟಿ ಇವತ್ತು?” “ಹದಿನಾಲ್ಕು ಮಾವ.” “ಹೌದಾ... ನಿನ್ನೆ ಹನ್ನೊಂದಲ್ಲನೇ?” ಎಂದು ಗಲ್ಲ ಉಜ್ಜಿಕೊಳ್ಳುತ್ತಿದ್ದರು. ನನ್ನ ಎಣಿಕೆ ಅವರಿಗೆ ಬಾಯಿಪಾಠ. ನಾನು ಮುಖ ಸಣ್ಣ ಮಾಡಿಕೊಂಡು “ಸೊನ್ನೆ” ಎಂದ ದಿನ ಅವರು, “ಹೋಗ್ಲಿ ಬಿಡು, ಒಳ್ಳೇದಾಯ್ತು” ಎನ್ನುತ್ತಿದ್ದರು. ನನ್ನನ್ನು ಸಮಾಧಾನ ಮಾಡುವ ಅವರ ರೀತಿ ಅದು ಎಂದುಕೊಂಡಿದ್ದೆ. ಅತ್ತೆ ಒಳಗಿಂದಲೇ, “ಮಾವ ಸೊಸೆ ಸೇರಿ ನಾಯಿಕೊಡೆ ಎಣಿಸಿ ಮುಗೀತಾ? ಮುಗಿದ್ರೆ ಊಟಕ್ಕೆ ಬನ್ನಿ” ಎಂದು ಕೂಗುತ್ತಿದ್ದರು. ನಮ್ಮ ಕಡೆ ಸೊಸೆ ಎಂದರೆ ಅಕ್ಕನ ಮಗಳೂ ಹೌದು.

ಈ ಸಲದ ಮಳೆಗಾಲ ಬಂತು. ಅರ್ಧ ಕಪ್ಪು ಅರ್ಧ ಬಿಳಿ ಕಾಗದ ಕತ್ತರಿಸಿ ಇಟ್ಟಿದ್ದೆ. ಆರು ಲೋಟ ಅತ್ತೆಯಿಂದ ಕಡ ತಂದಿದ್ದೆ. ಜುಲೈ ಕೊನೆಯ ವಾರ ಹದಿನೇಳನೇ ನಂಬರು ಹಿಂದೆಂದೂ ಇಲ್ಲದಷ್ಟು ಎದ್ದಿತು. ಶನಿವಾರ, ಇಪ್ಪತ್ತಾರನೇ ತಾರೀಕು ಬೆಳಿಗ್ಗೆ ನಲವತ್ತೊಂದು. ಭಾನುವಾರಕ್ಕೆ ಸರಿಯಾಗಿ ಬಲಿಯುತ್ತವೆ. ಅದೇ ಭಾನುವಾರ ಮೇಷ್ಟ್ರು ಶೃಂಗೇರಿಗೆ ನೆಂಟರ ಮನೆಗೆ ಬರುವವರಿದ್ದರು. ದಾರಿಯಲ್ಲಿ ಇಳಿದು ದಿಮ್ಮಿ ನೋಡಿ ಹೋಗುತ್ತೇನೆ ಎಂದಿದ್ದರು. ಶನಿವಾರ ಸಂಜೆ ಮಾವ ತೋಟದಿಂದ ಬಂದು ಕೇಳಿದರು, “ಎಷ್ಟು?” ನಾನು ಬೆಳಗಿನ ಎಣಿಕೆಯನ್ನೇ ಕುಣಿಯುತ್ತಾ ಹೇಳಿದೆ, “ನಲವತ್ತೊಂದು ಮಾವ! ಇಷ್ಟು ಯಾವತ್ತೂ ಬಂದಿರ್ಲಿಲ್ಲ!” ಮಾವನ ಮುಖ ಗಂಭೀರವಾಯಿತು. “ನಲವತ್ತೊಂದಾ?” ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ವಾಪಸು ಶೆಡ್ಡಿನ ಕಡೆ ನಡೆದರು. ಆವತ್ತು ಮಳೆ ಬಿಟ್ಟು ಒಳ್ಳೆಯ ಬಿಸಿಲಿತ್ತು.

ಭಾನುವಾರ ಬೆಳಿಗ್ಗೆ ಮೇಷ್ಟ್ರನ್ನು ಬಸ್ಸಿಂದ ಇಳಿಸಿಕೊಂಡು ದಿಮ್ಮಿಯ ಹತ್ತಿರ ಕರೆದುಕೊಂಡು ಹೋದೆ. ದಿಮ್ಮಿ ನೀಲಿಯಾಗಿತ್ತು. ಅಲ್ಲಲ್ಲಿ ಅಲ್ಲ, ತೆಳುವಾಗಿ ಅಲ್ಲ. ಈ ತುದಿಯಿಂದ ಆ ತುದಿಯವರೆಗೆ, ಸುಣ್ಣ ಬಳಿದ ಗೋಡೆಯಂತೆ, ದಪ್ಪ ನೀಲಿ. ಭೂತಗನ್ನಡಿ ಬೇಕಿರಲಿಲ್ಲ. ನಲವತ್ತೊಂದು ಬೀಸಣಿಗೆಗಳು ನಲವತ್ತೊಂದು ನೀಲಿ ಮುದ್ದೆಗಳಾಗಿದ್ದವು. ಒಂದನ್ನು ಮುಟ್ಟಿದೆ. ಅದೇ ಬೆರಳಿನಿಂದ ಡೈರಿ ತೆರೆದೆ. ಆ ಕಲೆ ಬಿದ್ದದ್ದು ಹಾಗೆ.

ಮಾವ ಶೆಡ್ಡಿನ ಬಾಗಿಲಲ್ಲಿ ಪಂಪಿನ ವಾಷರ್ ಬದಲಿಸುತ್ತಾ ಕೂತಿದ್ದರು. ನಮ್ಮನ್ನು ನೋಡಿ ಎದ್ದು ನಗುತ್ತಾ ಬಂದರು. “ಬನ್ನಿ ಸರ್. ಪುಟ್ಟಿ, ನೋಡ್ದ್ಯಾ? ಅರ್ಧ ಡ್ರಮ್ ಪೂರ್ತಿ ಹೊಡ್ದೆ. ಇನ್ನು ಒಂದೂ ಏಳದಿಲ್ಲ ತಗ!”

“ಎಂತ ಮಾಡಿದ್ರಿ ಮಾವ!” ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ಯಾರು ಹೇಳಿದ್ರು ನಿಮಗೆ ಹೊಡೀರಿ ಅಂತ?”

“ಯಾರು ಹೇಳ್ಬೇಕು? ನೀನೇ ದಿನಾ ಹೇಳ್ತಿದ್ಯಲ್ಲೇ. ಹನ್ನೊಂದು, ಹದಿನಾಲ್ಕು, ನಲವತ್ತೊಂದು ಅಂತ. ಅಷ್ಟು ಕೊಳೆ ಏರ್ತಾ ಇದ್ರೆ ನೋಡ್ಕಂಡು ಕೂರದಾ?”

ಆಗ ಅರ್ಥವಾಯಿತು. ಕೊಳೆ ಬಂದ ತೋಟದಲ್ಲಿ ಯಾರಾದರೂ ಒಬ್ಬರು ದಿನಾ ಬೆಳಿಗ್ಗೆ ಮರದ ಬುಡದಲ್ಲಿ ಉದುರಿದ ಕಾಯಿ ಎಣಿಸುತ್ತಾರೆ. ಎಣಿಕೆ ಏರಿದರೆ ಔಷಧಿ ಹಿಡಿದಿಲ್ಲ, ಇಳಿದರೆ ಹಿಡಿದಿದೆ. ಮಾವನ ಲೋಕದಲ್ಲಿ ಮಳೆಗಾಲದಲ್ಲಿ ಡೈರಿ ಹಿಡಿದು ಎಣಿಸುವ ಮನುಷ್ಯರು ರೋಗವನ್ನೇ ಎಣಿಸುತ್ತಾರೆ. ಬೇರೆ ಯಾವುದನ್ನು ಎಣಿಸುತ್ತಾರೆ? ಅರ್ಥವಾಯಿತು ಎಂದೆನಲ್ಲ, ಅದರಿಂದ ಸಿಟ್ಟು ಇಳಿಯಲಿಲ್ಲ. ಇನ್ನೂ ಏರಿತು. ಮೇಷ್ಟ್ರ ಎದುರೇ ಕೂಗಿದೆ: “ಕೊಳೆ ಬಂದಿರೋದು ಮರಕ್ಕಲ್ಲ ಮಾವ, ನಿಮ್ಮ ತಲೆಗೆ!”

ಮಾವ ಕೈಯಲ್ಲಿದ್ದ ವಾಷರನ್ನು ಒಂದು ಸಲ ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡರು.

ಮೇಷ್ಟ್ರು ಅಷ್ಟು ಹೊತ್ತು ದಿಮ್ಮಿಯನ್ನು ನೋಡುತ್ತಿದ್ದವರು ಮಾವನ ಕಡೆ ತಿರುಗಿ, “ನೀವು ಇದಕ್ಕೆ ಔಷಧಿ ಹೊಡೆಯುವುದು ಇದೇ ಮೊದಲ ಸಲವೇ?” ಎಂದು ಮೆಲ್ಲಗೆ ಕೇಳಿದರು.

“ಮೊದಲ ಸಲ ಎಂತಕ್ಕೆ ಸರ್? ಮೂರು ವರ್ಷದಿಂದ ಹೊಡೀತಿದೀನಿ. ಮುಂಚೆ ಬರೀ ಡ್ರಮ್ ತೊಳೆದ ನೀರು ಹೊಡೀತಿದ್ದೆ. ಕಲಸಿದ್ದು ನಾಳೆಗೆ ಬರದಿಲ್ಲ, ಚೆಲ್ಲೋ ಬದಲು ಇದಕ್ಕಾದ್ರೂ ಆಗ್ಲಿ ಅಂತ. ಅಲ್ಲಿ ಬರೆದಿದೆ ನೋಡಿ.”

ಶೆಡ್ಡಿನ ಬಾಗಿಲಿನ ಒಳಮೈಯಲ್ಲಿ ಇದ್ದಿಲಿನಿಂದ ಬರೆದ ಸಾಲುಗಳಿದ್ದವು. ಯಾವ ದಿನ ಹೊಡೆದದ್ದು, ಎಷ್ಟು ಡ್ರಮ್. ನಲವತ್ತು ದಿನಕ್ಕೆ ಮುಂದಿನ ಸುತ್ತು ಬರಬೇಕಲ್ಲ, ಆ ಲೆಕ್ಕಕ್ಕೆ. ದಿನಾ ಆ ಬಾಗಿಲಿನ ಎದುರು ಹೊಟ್ಟೆ ಅಡಿಯಾಗಿ ಮಲಗುತ್ತಿದ್ದ ನಾನು ಒಂದು ದಿನವೂ ಅದರೊಳಗೆ ಇಣುಕಿರಲಿಲ್ಲ. ಕೆಲವು ಸಾಲುಗಳ ಕೊನೆಗೆ, ಮಾವನ ಅಂಕುಡೊಂಕು ಅಕ್ಷರದಲ್ಲಿ ಎರಡೇ ಪದ: ‘ಪುಟ್ಟಿ ಮರಕ್ಕೂ’.

ಮೇಷ್ಟ್ರು ನನ್ನ ಡೈರಿಗಾಗಿ ಕೈ ಚಾಚಿದರು. ಕೊಡಲು ನನಗೆ ಮನಸ್ಸಿರಲಿಲ್ಲ. ಕೊಟ್ಟೆ. ಅವರು ಬಾಗಿಲಿನ ತಾರೀಕು ಓದುತ್ತಾ ಹೋದರು, ನಾನು ಹೌದು ಹೌದು ಎನ್ನುತ್ತಾ ಹೋದೆ. ಐದಕ್ಕೆ ಐದೂ ಕೂತವು. ಮಾವ ಔಷಧಿ ಹೊಡೆಯುವುದು ಮಳೆ ಬಿಟ್ಟ ದಿನ. ಅದಕ್ಕೇ ಪ್ರತಿ ನಿದ್ದೆಯ ಹಿಂದೆ ಬಿಸಿಲು. ಅಣಬೆ ನಿದ್ದೆ ಮಾಡುತ್ತಿರಲಿಲ್ಲ, ವಿಷ ಕುಡಿದು ಬಿದ್ದಿರುತ್ತಿತ್ತು. ನಿದ್ದೆ ಮಾಡುತ್ತಿದ್ದದ್ದು ನಾನು. ಇಪ್ಪತ್ತೆರಡನೇ ನಂಬರಿಗೆ ಬಂದಾಗ ಮೇಷ್ಟ್ರು ‘ಹೊಸ ಬಗೆಯ ಬೂಷ್ಟು’ ಎಂದಿದ್ದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. ನಗು ತಡೆಯಲಿಕ್ಕೆ. ಸುಣ್ಣಕ್ಕೆ ನಂಬರು ಕೊಟ್ಟ ಮೊದಲ ಶಿಲೀಂಧ್ರ ಶಾಸ್ತ್ರಜ್ಞೆ ನಾನೇ ಇರಬೇಕು. ಆ ನಗುವನ್ನು ನಾನು ಇನ್ನೂ ಕ್ಷಮಿಸಿಲ್ಲ.

ಆವತ್ತಿನಿಂದ ಮಾವ “ಎಷ್ಟು” ಎಂದು ಕೇಳುವುದನ್ನು ಬಿಟ್ಟರು. ಬೈಯಲಿಲ್ಲ, ಮಾತು ಬಿಡಲಿಲ್ಲ. “ಬಸ್ಸು ತಡ ಆಯ್ತಾ”, “ಛತ್ರಿ ತಗಂಡು ಹೋಗು”, ಎಲ್ಲ ಇತ್ತು. ಅದೊಂದು ಪ್ರಶ್ನೆ ಮಾತ್ರ ಇಲ್ಲ. ತಪ್ಪಾಯ್ತು ಎಂದು ನಾನೂ ಹೇಳಲಿಲ್ಲ. ನನ್ನ ತಪ್ಪು ಎಷ್ಟು, ಅವರದೆಷ್ಟು ಎಂದು ಷರಾ ಕಾಲಂನಲ್ಲಿ ಎರಡು ಸಲ ಬರೆದು ಎರಡು ಸಲ ಹೊಡೆದು ಹಾಕಿದೆ. ಈ ಸಲ ಪೂರ್ತಿ ಔಷಧಿ ಬಿದ್ದದ್ದರಿಂದ ಹದಿನೆಂಟು ದಿನಕ್ಕೂ ಅಣಬೆ ಏಳಲಿಲ್ಲ. ಆಗಸ್ಟ್ ಪೂರ್ತಿ ಸೊನ್ನೆ. ಮೂವತ್ತೊಂದು ಸೊನ್ನೆಗಳನ್ನು ಒಂದರ ಕೆಳಗೊಂದು ಬರೆದದ್ದು ನೋಡಿದರೆ ಯಾರೋ ಬಾಯಿ ತೆರೆದು ಆಕಳಿಸುತ್ತಿರುವಂತೆ ಕಾಣುತ್ತದೆ. ನೋಟಿಸ್ ಬೋರ್ಡಿನ ಗ್ರಾಫನ್ನು ಯಾರೂ ಇಲ್ಲದಾಗ ಕಿತ್ತೆ. ಆ ಹೈಸ್ಕೂಲಿನ ಮಕ್ಕಳ ತಲೆಯಿಂದ ಕೀಳುವುದು ಹೇಗೆ?

ಸೆಪ್ಟೆಂಬರ್ ಮೂರಕ್ಕೆ ದಿಮ್ಮಿಯ ಶೆಡ್ಡಿನ ಕಡೆ ಐದು ಬಿಳಿ ಚುಕ್ಕೆ ಕಂಡವು. ಗುಂಡುಸೂಜಿಯ ತಲೆಯಷ್ಟು. ಮಾವನ ಬಾಗಿಲಿನ ಲೆಕ್ಕದಲ್ಲಿ ಆರನೇ ತಾರೀಕು ಮೂರನೇ ಸುತ್ತು. ಐದರ ಸಂಜೆ ನಾನೇ ಜಗಲಿಯಲ್ಲಿ ಮಾತು ತೆಗೆದೆ.

“ಮಾವ, ನಾಳೆ ಆ ದಿಮ್ಮಿಗೆ ಹೊಡೀಬೇಡಿ.”

“ಕಾಲುವೆ ದಾಟಿದ್ರೆ ತೋಟ. ಗಾಳಿಗೆ ಹಾರಿ ಅಡಿಕೆಗೆ ಬಂದ್ರೆ ಯಾರು ಹೊಣೆ? ಹೋದ ಸಲ ಮೇಲಿನ ತೋಟದಲ್ಲಿ ಅಡಿಕೆ ಗೊನೆಗೆ ಗೊನೆಯೇ ಉದುರಿತು. ಶಿವಪ್ಪ ಹೊಡೆದದ್ದು ಅಂತ ಇವತ್ತಿಗೂ ಹೇಳ್ತಾರೆ.”

“ಇದು ಸತ್ತ ಮರ ತಿನ್ನೋದು ಮಾವ. ಅಡಿಕೆಗೆ ಬರೋ ಕೊಳೆನೇ ಬೇರೆ.”

“ಇದರ ಹೆಸರೆಂತ?”

“ಇನ್ನೂ ಗೊತ್ತಾಗಿಲ್ಲ.”

“ಮೂರು ವರ್ಷ ಆಯ್ತು, ಹೆಸರು ಗೊತ್ತಿಲ್ಲ ಅಂತೀಯ. ಹೆಸರೇ ಗೊತ್ತಿಲ್ದೇ ಇರೋದು ಎಂತ ತಿಂತದೆ, ಎಂತ ಬಿಡ್ತದೆ ಅಂತ ನಿಂ‌ಗೆ ಹೆಂಗೆ ಗೊತ್ತಾಯ್ತು?”

ನನ್ನ ಕಾಲೇಜಿನಲ್ಲಿ ಇಷ್ಟು ಸರಿಯಾದ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಮೈ ಉರಿದು ಹೋಯಿತು. ಹೆಸರು ಬೇಕಾದರೆ ಪುಡಿ ಬೇಕು, ಪುಡಿ ಬೇಕಾದರೆ ಅಣಬೆ ಬಲಿಯಬೇಕು, ಬಲಿಯಬೇಕಾದರೆ ಇವರು ಬಿಡಬೇಕು, ಬಿಡಬೇಕಾದರೆ ಹೆಸರು ಹೇಳಬೇಕು! ನಮ್ಮಿಬ್ಬರ ದನಿಯೂ ಏರುತ್ತಿದ್ದಾಗ ಅತ್ತೆ ಸೌಟು ಹಿಡಿದುಕೊಂಡೇ ಹೊರಗೆ ಬಂದರು. “ಒಲೆಗೂ ಆಗದ ಮರಕ್ಕೆ ಇಷ್ಟು ಜಗಳ ನಾನು ನೋಡಿಲ್ಲಪ್ಪ. ಮಧ್ಯಕ್ಕೆ ಒಂದು ಗೆರೆ ಹಾಕ್ಕಳಿ. ತೋಟದ ಕಡೆ ಅರ್ಧ ಅವರದು, ಶೆಡ್ಡಿನ ಕಡೆ ಅರ್ಧ ನಿಂದು. ಅವರು ಹೊಡ್ಕಳ್ಳಲಿ, ನೀನು ಎಣಿಸ್ಕ.”

ಮೇಷ್ಟ್ರು ಹೋದ ವರ್ಷವೇ ಕೇಳಿದ್ದ ಹೋಲಿಕೆಯ ಪ್ರಯೋಗವನ್ನು ಅತ್ತೆ ಸೌಟು ಹಿಡಿದು ಮುಗಿಸಿದರು. ಮಾರನೇ ದಿನ ಮಾವ ದಿಮ್ಮಿಯ ನಟ್ಟನಡುವೆ ಸುಣ್ಣದ ಗೆರೆ ಎಳೆದರು. ನನ್ನ ಅರ್ಧಕ್ಕೆ ಹನಿ ಹಾರದಂತೆ ಅವರೇ ಗೊಬ್ಬರದ ಚೀಲ ಮುಚ್ಚಿ, ತಮ್ಮ ಅರ್ಧಕ್ಕೆ ಹೊಡೆದು, ಚೀಲ ತೆಗೆದು ಮಡಚಿ ಕೊಟ್ಟರು. ನನ್ನ ಮುಖ ನೋಡಲಿಲ್ಲ. ಬಾಗಿಲಿನಲ್ಲಿ ಬರೆದರು: ‘ಅರ್ಧ ಮರಕ್ಕೆ’. ‘ಪುಟ್ಟಿ’ ಇರಲಿಲ್ಲ.

ಆಮೇಲೆ ನಾಲ್ಕು ದಿನ ಒಳ್ಳೆಯ ಬಿಸಿಲು. ನನ್ನ ಅರ್ಧದಲ್ಲಿ ಹದಿನೇಳನೇ ನಂಬರು ಐದಿದ್ದದ್ದು ಒಂಬತ್ತಾಯಿತು, ಹದಿನಾರಾಯಿತು. ಬಿಸಿಲಿಗೆ ನಿದ್ದೆಯೂ ಇಲ್ಲ, ಆಕಳಿಕೆಯೂ ಇಲ್ಲ. ಇಪ್ಪತ್ತೊಂದನೇ ತಾರೀಕು, ಭಾನುವಾರ, ಐವತ್ತೆರಡು. ಗೆರೆಯ ಆಚೆ ಸೊನ್ನೆ. ಬೆಳಿಗ್ಗೆ ಎಂಟಕ್ಕೆ ಬಲಿತ ಆರನ್ನು ಬಿಡಿಸಿ, ಅರ್ಧ ಕಪ್ಪು ಅರ್ಧ ಬಿಳಿ ಕಾಗದಗಳ ಮೇಲೆ ಇಟ್ಟು ಆರು ಲೋಟ ಕವುಚಿದೆ. ಅತ್ತೆ ಕಾಫಿಗೆ ಲೋಟವಿಲ್ಲದೆ ಎಲ್ಲರಿಗೂ ಬಟ್ಟಲಲ್ಲಿ ಕೊಟ್ಟರು. ಸಂಜೆ ನಾಲ್ಕಕ್ಕೆ ಮೊದಲ ಲೋಟ ಎತ್ತಿದೆ. ಕಪ್ಪಿನ ಮೇಲೆ ಬಿಳಿಯ ಸುಳಿವೂ ಇಲ್ಲ. ಬಿಳಿಯ ಮೇಲೆ ದಾಲ್ಚಿನ್ನಿಯನ್ನು ಅರೆದು ಉದುರಿಸಿದಂಥ ಕಂದು ಗೆರೆಗಳು, ಪದರು ಪದರಾಗಿ, ಬೀಸಣಿಗೆಯ ಆಕಾರದಲ್ಲಿ. ಚಿಪ್ಪಣಬೆಯ ಪುಡಿ ಹೀಗಿರುವುದಿಲ್ಲ. ಮೂರು ವರ್ಷ ಚಿಪ್ಪಣಬೆಯ ಮರಿ ಎಂದು ಬರೆದದ್ದೆಲ್ಲ ಸುಳ್ಳು.

ಫೋಟೊ ಕಳಿಸಿದ ಐದು ನಿಮಿಷಕ್ಕೆ ಮೇಷ್ಟ್ರ ಫೋನು ಬಂತು. “ಕ್ರೆಪಿಡೋಟಸ್ ಕುಲ. ಅದರಲ್ಲಿ ಯಾವುದು ಎಂದು ಮೈಕ್ರೋಸ್ಕೋಪಿನ ಕೆಳಗೆ ನೋಡೋಣ, ಪುಡಿ ಜೋಪಾನ. ಹಾಂ, ಸತ್ತ ಮರದ್ದೇ. ನಿನ್ನ ಮಾವನ ಅಡಿಕೆಯ ತಂಟೆಗೆ ಬರುವುದಿಲ್ಲ ಎಂದು ಹೇಳು.”

ಓಡಿದೆ. ಮಾವ ದಿಮ್ಮಿಯ ಹತ್ತಿರವೇ ಕಾಲುವೆಯಲ್ಲಿ ಡ್ರಮ್ ತೊಳೆಯುತ್ತಿದ್ದರು.

“ಮಾವ, ಹೆಸರು ಸಿಕ್ತು! ಕ್ರೆಪಿಡೋಟಸ್!”

“ಎಂತದು?”

“ಕ್ರೆಪಿಡೋಟಸ್. ಸತ್ತ ಮರ ಮಾತ್ರ ತಿನ್ನೋದು. ಅಡಿಕೆಗೆ ಬರೋದೇ ಇಲ್ಲ ಅಂತ ಮೇಷ್ಟ್ರು ಹೇಳಿದ್ರು.”

ಮಾವ ಡ್ರಮ್ ಕವುಚಿ ಇಟ್ಟರು. ಕೈ ಒರೆಸಿಕೊಂಡರು. “ಹೆಸರು ಕೇಳಿದ್ರೇ ದೊಡ್ಡ ರೋಗ ಇದ್ದಂಗಿದೆ” ಎಂದರು. ಆಮೇಲೆ ದಿಮ್ಮಿಯ ಕಡೆ ಗಲ್ಲದಲ್ಲೇ ತೋರಿಸಿ ಕೇಳಿದರು:

“ಎಷ್ಟು ಇವತ್ತು?”

ಐವತ್ತೇಳು ದಿನವಾಗಿತ್ತು ಅವರು ಅದನ್ನು ಕೇಳಿ. ನಾನು ಎಣಿಸಿದ್ದೆ.

“ನಿಮ್ಮ ಕಡೆ ಸೊನ್ನೆ ಮಾವ. ನನ್ನ ಕಡೆ ಐವತ್ತೆರಡು. ಆರು ಕಿತ್ತಿದ್ದೀನಿ.”

ಮಾವ ದಿಮ್ಮಿಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಸುಣ್ಣದ ಗೆರೆಯ ಆಚೆ ನೋಡಿದರು, ತಮ್ಮ ನೀಲಿ ಅರ್ಧ ನುಣ್ಣಗೆ, ಖಾಲಿ. ಈಚೆ ನೋಡಿದರು, ನಲವತ್ತಾರು ಬಿಳಿ ಬೀಸಣಿಗೆಗಳು ಸಾಲುಸಾಲಾಗಿ. ತುಂಬಾ ಹೊತ್ತು ನೋಡಿದರು. ಆಮೇಲೆ ಎದ್ದು, ನನ್ನ ತಲೆಯ ಮೇಲೆ ಒದ್ದೆ ಕೈಯಿಟ್ಟು, ಕಾಯಿಲೆಯವರ ಮನೆಗೆ ಹೋದವರು ಹೇಳುವಂತೆ ಹೇಳಿದರು:

“ಹೋಗ್ಲಿ ಬಿಡು ಪುಟ್ಟಿ. ಅರ್ಧ ಮರ ಆದ್ರೂ ಉಳೀತಲ್ಲ.”

ಉಳಿದದ್ದು ಯಾವ ಅರ್ಧ ಎಂದು ನಾನು ಕೇಳಲಿಲ್ಲ.